ಕೈಪಿಡಿಯೂ ಕಣ್ಣೂ

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬುದು ಹಿರಿಯರ ಮಾತು. ಜ್ಞಾನಮಂದಿರಕ್ಕೆ ಎರಡು ಬಾಗಿಲುಗಳುಂಟು, ಯಾವುದರಿಂದ ಒಳಹೊಕ್ಕರೂ ಸರಿಯೆ ಎಂಬುದು ಅದರ ತಾತ್ಪರ್ಯ. ಆದರೆ ದೇಶವನ್ನು ಸುತ್ತುತ್ತಿರುವಾಗಲೇ ಕೋಶವನ್ನು ಕೈಯಲ್ಲಿ ಬಿಡಿಸಿಕೊಂಡು ಓದುತ್ತ ನಡೆಯುವವನ ಗತಿ ಏನೆಂಬುದನ್ನು ಆ ಗಾದೆ ಹೇಳುವುದಿಲ್ಲ. ಅವನು ಎರಡು ಬಾಗಿಲುಗಳಿಂದಲೂ ಒಳಗೆ ಬಂದ ಭಾಗ್ಯವಂತನೋ, ಅಥವಾ ಎರಡಕ್ಕೂ ಸಲ್ಲದೆ ಹೊಸ್ತಿಲಿನ ಮೇಲೆಯೇ ನಿಂತುಬಿಟ್ಟವನೋ?

ಯೂರೋಪಿನ ಮಹಾ ಚಿತ್ರಶಾಲೆಗಳಲ್ಲಿ ಈ ಪ್ರಶ್ನೆ ದಿನವೂ ಮೂರ್ತಿಮತ್ತಾಗಿ ಓಡಾಡುತ್ತಿರುವುದನ್ನು ಕಾಣಬಹುದು. ಯಾತ್ರಿಕನೊಬ್ಬನು ಬರುತ್ತಾನೆ, ತಲೆ ಬಗ್ಗಿಸಿ ಕೈಪಿಡಿಯಲ್ಲಿ ಕೊಠಡಿಯ ಸಂಖ್ಯೆಯನ್ನು ಹುಡುಕುತ್ತಾನೆ, ತಲೆಯೆತ್ತಿ, ಪುಸ್ತಕದಲ್ಲಿ ಹೇಳಿದ ಚಿತ್ರ ಗೋಡೆಯ ಮೇಲೆ ಇದೆಯೆಂಬುದನ್ನು ಖಚಿತಪಡಿಸಿಕೊಳ್ಳುತ್ತಾನೆ, ಮತ್ತೆ ತಲೆ ಬಗ್ಗಿಸಿ ಮುಂದಿನ ಚಿತ್ರಕ್ಕೆ ನಡೆಯುತ್ತಾನೆ. ಉಗ್ರಾಣದ ಸಾಮಾನುಗಳನ್ನು ಪಟ್ಟಿಯೊಡನೆ ತಾಳೆ ನೋಡಲು ಬಂದ ಗುಮಾಸ್ತನೂ ಇದನ್ನೇ ಮಾಡುತ್ತಾನೆ. ಊರಿಗೆ ಹಿಂದಿರುಗಿದ ಮೇಲೆ ಈ ಯಾತ್ರಿಕನು ಬಂಧುಮಿತ್ರರ ಮುಂದೆ, ಆ ಚಿತ್ರಗಳನ್ನು ಕಂಡು ಪರಮಾನಂದವಾಯಿತು ಎನ್ನುತ್ತಾನೆ. ಆ ಮಾತು ಸುಳ್ಳೆನ್ನಲು ಯಾರಿಗೂ ಧೈರ್ಯ ಬಾರದು. ನಿಜವೆನ್ನಲು ಅವನ ಅಂತರಂಗವೇ ಒಪ್ಪದು. ವಿಷಯ ಅಲ್ಪವೆಂದು ತೋರಬಹುದು. ಆದರೆ ಇನ್ನೊಬ್ಬರ ಮಾತಿನ ಮೇಲೆ ಎಷ್ಟನ್ನು ತನ್ನದೆಂದು ಅಂಗೀಕರಿಸಬಹುದು, ಎಷ್ಟನ್ನು ಅಂಗೀಕರಿಸಕೂಡದು ಎಂಬ ದೊಡ್ಡ ಪ್ರಶ್ನೆಯೇ ಇಲ್ಲಿ ಸಣ್ಣ ವೇಷದಲ್ಲಿ ಬಂದಿದೆ.

ಮೊದಲು ಕೈಪಿಡಿಯ ಪಕ್ಷದಲ್ಲಿ ಹೇಳಬೇಕಾದುದನ್ನು ಹೇಳುವುದು ನ್ಯಾಯ. ಹದಿನೆಂಟನೆಯ ಶತಮಾನದವರೆಗೆ ಯೂರೋಪಿನ ಉತ್ತಮ ಚಿತ್ರಗಳು ಬಹುಮಟ್ಟಿಗೆ ಇಗರ್ಜಿಗಳಲ್ಲಿಯೋ ಅರಸರ, ಶ್ರೀಮಂತರ ಅರಮನೆಗಳಲ್ಲಿಯೋ ಇದ್ದುವು. ಇಗರ್ಜಿಯ ಚಿತ್ರದ ಅರ್ಥ ಭಕ್ತರಿಗೆ ಬಾಲ್ಯದಿಂದಲೇ ತಿಳಿದಿತ್ತು. ಅರಮನೆಯ ಚಿತ್ರವನ್ನು ಕಾಣಲು ಅನುಮತಿ ಪಡೆದವನಿಗೆ ವಿವರಿಸಿ ಹೇಳಲು ಮನೆಯವರಿದ್ದರು. ಬಳಿಕ ಕಾಲ ಬದಲಾಯಿತು. ಫ್ಲಾರೆನ್ಸ್ ನಗರದ ಮೆಡಿಚಿ ವಂಶದ ಕೊನೆಯ ಕುಡಿಯಾದ ಆನಾ ಮರಿಯಾ ಲುಯಿಸಾ ಎಂಬಾಕೆ ೧೭೩೭ರಲ್ಲಿ ಒಂದು ಒಪ್ಪಂದವನ್ನು ಮಾಡಿಕೊಂಡು, ತನ್ನ ಮನೆತನದವರು ಕೂಡಿಸಿದ ಕಲಾಸಂಪತ್ತು ಆ ನಗರವನ್ನು ಬಿಟ್ಟು ಹೋಗಕೂಡದೆಂದು ವಿಧಿಸಿದಳು. ಆ ಸಂಪತ್ತನ್ನಿಟ್ಟಿದ್ದ ಉಫ್ಫೀಟ್ಸಿ ೧೭೬೯ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಫ್ರಾನ್ಸಿನ ಮಹಾಕ್ರಾಂತಿಯ ನಡುವೆ ೧೭೯೩ರ ಆಗಸ್ಟ್ ೧೦ರಂದು ಲೂವ್ರ್ ಅರಮನೆ ಚಿತ್ರಶಾಲೆಯಾಯಿತು. ೧೮೨೪ರಲ್ಲಿ, ಲೇವಾದೇವಿಗಾರನೊಬ್ಬನ ಸಂಗ್ರಹದಿಂದ ಕೊಂಡ ೩೮ ಚಿತ್ರಗಳೊಡನೆ, ಲಂಡನ್ನಿನ ನ್ಯಾಷನಲ್ ಗ್ಯಾಲರಿ ಆರಂಭವಾಯಿತು. ಹೀಗೆ ಬಾಗಿಲೇನೋ ಎಲ್ಲರಿಗೂ ತೆರೆಯಿತು. ಆದರೆ ಬಂದವರನ್ನು ಕೂಡಿಸಿ, ಇದು ಇಂಥದು ಎಂದು ಹೇಳುವ ಯಜಮಾನನು ಮನೆಯೊಳಗೆ ಇಲ್ಲದಂತಾಯಿತು.

ಆ ಬರಿದಾದ ಸ್ಥಾನಕ್ಕೆ ಬಂದುದೇ ಕೈಪಿಡಿ. ಲಂಡನ್ನಿನ ಜಾನ್ ಮರ್ರೆ ೧೮೩೬ರಲ್ಲಿ ಯೂರೋಪು ಖಂಡದ ಯಾತ್ರಿಕರಿಗಾಗಿ ತನ್ನ ಮೊದಲ ಕೈಪಿಡಿಯನ್ನು ಪ್ರಕಟಿಸಿದನು. ಅದೇ ಕಾಲದಲ್ಲಿ ರೈನ್ ನದಿಯ ದಡದ ಕೋಬ್ಲೆನ್ಜ್ ಪಟ್ಟಣದಲ್ಲಿ ಕಾರ್ಲ್ ಬೇಡೆಕರ್ ಎಂಬ ಪ್ರಕಾಶಕನು ಇದೇ ಉದ್ಯಮವನ್ನು ಕೈಕೊಂಡನು. ಅವನ ಕೆಂಪು ರಟ್ಟಿನ ಪುಸ್ತಕಗಳು ಮುಂದೆ ಎಷ್ಟು ಹೆಸರಾದುವೆಂದರೆ, ಬೇಡೆಕರ್ ಎಂಬ ಮಾತೇ ಕೈಪಿಡಿಗೆ ಪರ್ಯಾಯಪದವಾಯಿತು. ಗುರುವನ್ನು ಜೊತೆಯಲ್ಲಿ ಕರೆದೊಯ್ಯುವ ಶಕ್ತಿ ಹಿಂದೆ ಶ್ರೀಮಂತರ ಮಕ್ಕಳಿಗೆ ಮಾತ್ರ ಇತ್ತು. ಈಗ ಸಾಮಾನ್ಯ ಸಂಬಳದ ಉಪಾಧ್ಯಾಯನೂ ಗುರುವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೊರಡಬಹುದಾಯಿತು. ಕೈಪಿಡಿಯನ್ನು ಹಾಸ್ಯಮಾಡುವವರು ಈ ಉಪಕಾರವನ್ನು ಮರೆಯಬಾರದು.

ಚಿತ್ರಶಾಲೆಯ ವಿಸ್ತಾರವನ್ನು ನೆನೆದರೂ ಕೈಪಿಡಿಯ ಅವಶ್ಯಕತೆ ತಿಳಿದೀತು. ಲೂವ್ರ್‌ನಲ್ಲಿ ಪ್ರದರ್ಶನಕ್ಕಿಟ್ಟಿರುವ ವಸ್ತುಗಳು ಸುಮಾರು ೩೫,೦೦೦. ಒಂದೊಂದರ ಮುಂದೆ ಒಂದೊಂದೇ ನಿಮಿಷ ನಿಂತು, ದಿನಕ್ಕೆ ಎಂಟು ಗಂಟೆ ಬಿಡುವಿಲ್ಲದೆ ನೋಡಿದರೂ ಎಪ್ಪತ್ತೆರಡು ದಿನಗಳು ಕಳೆದು ಎಪ್ಪತ್ತಮೂರನೆಯ ದಿನ ಬೇಕಾಗುತ್ತದೆ. ದೂರದಿಂದ ಬಂದ ಯಾತ್ರಿಕನಿಗೆ ಇರುವುದು ಒಂದು ದಿನ, ಹೆಚ್ಚೆಂದರೆ ಎರಡು. ಎಲ್ಲವನ್ನೂ ನೋಡುವುದು ಅಸಾಧ್ಯವಾದ ಮೇಲೆ ಆಯ್ಕೆ ಅನಿವಾರ್ಯ. ಆಯಲು ಗೊತ್ತಿಲ್ಲದವನು ಗೊತ್ತಿದ್ದವನನ್ನು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಬೇಡೆಕರನ ಪುಸ್ತಕಗಳಲ್ಲಿ ಮುಖ್ಯವಾದ ವಸ್ತುಗಳ ಹೆಸರಿನ ಪಕ್ಕದಲ್ಲಿ ಅಚ್ಚುಹಾಕುತ್ತಿದ್ದ ನಕ್ಷತ್ರದ ಗುರುತು ಈ ಕೇಳಿಕೆಗೆ ಕೊಟ್ಟ ಉತ್ತರ.

ದೋಷವೂ ಆ ನಕ್ಷತ್ರದಿಂದಲೇ ಹುಟ್ಟಿತು. ಯಾವುದನ್ನು ಮೊದಲು ನೋಡಬೇಕೆಂದು ಹೇಳಲು ಬಂದ ಗುರುತು, ಯಾವುದನ್ನು ನೋಡದೆ ಬಿಡಬಹುದೆಂದೂ ಹೇಳತೊಡಗಿತು. ಲೂವ್ರ್‌ನಲ್ಲಿ ಲಿಯೊನಾರ್ಡೋನ ಮೋನಾ ಲೀಸಾ ಇರುವ ಕೊಠಡಿಯೇ ಇದಕ್ಕೆ ನಿದರ್ಶನ. ಆ ಚಿತ್ರ ೭೭ ಸೆಂಟಿಮೀಟರು ಎತ್ತರ, ೫೩ ಸೆಂಟಿಮೀಟರು ಅಗಲದ ಒಂದು ಹಲಗೆ. ಅದರ ಎದುರಿನ ಗೋಡೆಯನ್ನು ವೆರೊನೇಸೆ ೧೫೬೩ರಲ್ಲಿ ಮುಗಿಸಿದ ‘ಕಾನಾ ಊರಿನ ಮದುವೆ’ ತುಂಬಿದೆ. ಹತ್ತು ಮೀಟರಿಗೆ ಸಮೀಪವಾದ ಅಗಲ. ನೂರಕ್ಕೂ ಮಿಕ್ಕ ಜನ. ನಡುವೆ ಸಂಗೀತಗಾರರು, ಬಡಿಸುವವರು, ನಾಯಿಗಳು. ಆದರೂ ಜನಸಮೂಹ ಸಣ್ಣ ಹಲಗೆಗೆ ಮುಖಮಾಡಿ, ದೊಡ್ಡ ಮದುವೆಗೆ ಬೆನ್ನುಮಾಡಿ ನಿಂತಿರುತ್ತದೆ. ಆ ಬೆನ್ನುಗಳಲ್ಲಿ ಎಷ್ಟು ಬೆನ್ನುಗಳು ವಿಚಾರಮಾಡಿ ತಿರುಗಿದುವು?

ಇದಕ್ಕಿಂತಲೂ ವಿಚಿತ್ರವಾದುದು ೧೯೧೧ರಲ್ಲಿ ನಡೆಯಿತು. ಆ ವರ್ಷದ ಆಗಸ್ಟ್ ೨೧ರಂದು ವಿಂಚೆನ್ಜೋ ಪೆರುಜ್ಜಾ ಎಂಬ ಇಟಲಿಯ ಕೆಲಸಗಾರನು ಮೋನಾ ಲೀಸಾ ಚಿತ್ರವನ್ನು ಕದ್ದೊಯ್ದನು. ಅದರ ಜಾಗ ಬರಿದಾಯಿತು; ಅದು ಮತ್ತೆ ಸಿಕ್ಕಿದುದು ೧೯೧೩ರ ಡಿಸೆಂಬರಿನಲ್ಲಿ, ಫ್ಲಾರೆನ್ಸಿನಲ್ಲಿ. ಚಿತ್ರಶಾಲೆಯ ಬಾಗಿಲು ಮತ್ತೆ ತೆರೆದಾಗ ಆ ಬರಿಯ ಗೋಡೆಯನ್ನು ನೋಡಲು ಜನ ಗುಂಪುಗೂಡಿ ಬಂದರು. ಚಿತ್ರವಿದ್ದಾಗ ಅದರತ್ತ ಸುಳಿಯದಿದ್ದವರೂ ಅದಿಲ್ಲದಿರುವುದನ್ನು ಕಾಣಲು ಬಂದರು. ಅಲ್ಲಿ ರೇಖೆಯಿರಲಿಲ್ಲ, ವರ್ಣವಿರಲಿಲ್ಲ, ಕೀರ್ತಿಯೊಂದಿತ್ತು. ಕೀರ್ತಿಯನ್ನು ನೋಡಲು ಚಿತ್ರ ಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರೆಯಲಾರದು.

ಹೀಗಿರುವುದರಿಂದ ಕೈಪಿಡಿಯನ್ನು ಬಿಸುಟು ಬರಿಗಣ್ಣಿನಿಂದಲೇ ನೋಡತಕ್ಕದ್ದೆಂದು ವಾದಿಸುವವರಿದ್ದಾರೆ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ೧೯೦೮ರಲ್ಲಿ ಪ್ರಕಟಿಸಿದ ‘ಎ ರೂಮ್ ವಿತ್ ಎ ವ್ಯೂ’ ಎಂಬ ಕಥೆಯಲ್ಲಿ ಈ ವಾದ ಹಾಸ್ಯದ ಉಡುಪಿನಲ್ಲಿ ಬರುತ್ತದೆ. ಲೂಸಿ ಎಂಬ ತರುಣಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ಇಗರ್ಜಿಗೆ ಹೊರಡುತ್ತಾಳೆ. ಜೊತೆಗೆ ಬಂದ ಲೇಖಕಿಯೊಬ್ಬಳು ಬೇಡೆಕರನ್ನು ನಂಬಬಾರದೆಂದು ಉಪದೇಶಿಸಿ, ಅವಳ ಪುಸ್ತಕವನ್ನು ಕಸಿದುಕೊಂಡು, ಕೊನೆಗೆ ಅವಳನ್ನು ಅಲ್ಲಿಯೇ ಬಿಟ್ಟು ಹೊರಟುಹೋಗುತ್ತಾಳೆ. ಪುಸ್ತಕವಿಲ್ಲದ ಲೂಸಿಗೆ ಯಾವ ಸಮಾಧಿಯನ್ನು ಮೆಚ್ಚಬೇಕೆಂಬುದೇ ತಿಳಿಯದು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಅವಳ ಚಿಂತೆ ಕರಗಿ, ಕಣ್ಣು ಸುತ್ತಲಿನ ಜೀವನದ ಕಡೆಗೆ ತೆರೆಯುತ್ತದೆ. ಈ ಕಥೆಯನ್ನು ಓದಿದವರು ಕೈಪಿಡಿಯನ್ನು ಮುಚ್ಚಿದರೆ ಸಾಕು, ಕಣ್ಣು ತಾನಾಗಿ ತೆರೆಯುತ್ತದೆಂದು ಭಾವಿಸುವುದುಂಟು. ಆದರೆ ಲೂಸಿಯ ಕಣ್ಣು ತೆರೆದುದು ಮನುಷ್ಯರ ಕಡೆಗೆ. ಜೊತ್ತೋನ ಭಿತ್ತಿಚಿತ್ರಗಳ ಕಡೆಗಲ್ಲ. ಮನುಷ್ಯರನ್ನು ನೋಡಲು ಹೃದಯವೊಂದಿದ್ದರೆ ಸಾಕು. ಆರುನೂರು ವರ್ಷಗಳ ಹಿಂದಿನ ಚಿತ್ರವನ್ನು ನೋಡಲು ಅಷ್ಟೇ ಸಾಲದು.

ಬರಿಗಣ್ಣೆಂಬುದು ಎಲ್ಲಿದೆ? ಇಟಲಿಯ ಚಿತ್ರವೊಂದರಲ್ಲಿ ಮುದುಕನೊಬ್ಬನು ಬೀಗದ ಕೈಗಳನ್ನು ಹಿಡಿದು ನಿಂತಿದ್ದಾನೆ. ಹೆಂಗಸೊಬ್ಬಳು ಮುರಿದ ಚಕ್ರಕ್ಕೆ ಒರಗಿದ್ದಾಳೆ. ಗಡ್ಡದ ವಿದ್ವಾಂಸನೊಬ್ಬನ ಕಾಲಬಳಿ ಸಿಂಹ ಮಲಗಿದೆ. ಕ್ರೈಸ್ತಪುರಾಣವನ್ನು ಬಲ್ಲವನಿಗೆ ಅವರು ಸಂತ ಪೀಟರ್, ಸಂತ ಕ್ಯಾಥರೀನ್, ಸಂತ ಜೆರೋಮ್. ಬಲ್ಲದವನಿಗೆ ಬೀಗದ ಕೈ, ಚಕ್ರ, ಸಿಂಹ. ಕೊಳಲನ್ನೂ ನವಿಲುಗರಿಯನ್ನೂ ಕಂಡೊಡನೆ ಕೃಷ್ಣನೆಂದು ತಿಳಿಯುವ ಕನ್ನಡಿಗನು, ಆ ತಿಳಿವು ತನ್ನ ಕಣ್ಣಿನದೇ ಎಂದು ನಂಬಿರುತ್ತಾನೆ. ಅದು ಅವನ ಅಜ್ಜಿಯ ಕಥೆಗಳು, ಊರಿನ ಬಯಲಾಟಗಳು, ಮನೆಯ ಗೋಡೆಯ ಪಟಗಳು ಕಣ್ಣಿನೊಳಗೆ ಇಟ್ಟುಹೋದ ಕೈಪಿಡಿ. ಅಜ್ಜಿಯಿಲ್ಲದ ದೇಶದಲ್ಲಿ ಆ ಕೆಲಸವನ್ನು ಪುಸ್ತಕ ಮಾಡಬೇಕಾಗುತ್ತದೆ.

ಮತ್ತೊಂದು ಕಾರಣವೂ ಉಂಟು. ಚಿತ್ರಶಾಲೆಯಲ್ಲಿರುವ ಹಳೆಯ ಕೃತಿಗಳಲ್ಲಿ ಅನೇಕವು ಚಿತ್ರಶಾಲೆಗಾಗಿ ಹುಟ್ಟಿದವಲ್ಲ. ಬೇರು ಕಿತ್ತು ತಂದು ನೆಟ್ಟ ಗಿಡಗಳು. ಡ್ರೆಸ್ಡೆನ್ ನಗರದ ಚಿತ್ರಶಾಲೆಯ ಕಿರೀಟವೆನಿಸಿದ ರಫೇಲನ ಮಾತೃಮೂರ್ತಿ ಪಿಯಚೆನ್ಜಾ ಊರಿನ ಸಂತ ಸಿಕ್ಸ್ಟಸನ ಮಠದ ಬಲಿಪೀಠಕ್ಕಾಗಿ ರಚಿತವಾದುದು. ಸ್ಯಾಕ್ಸನಿಯ ಅರಸನು ೧೭೫೪ರಲ್ಲಿ ಅದನ್ನು ಕೊಂಡು ತಂದನು. ಚಿತ್ರದಲ್ಲಿ ಮಂಡಿಯೂರಿದ ಸಿಕ್ಸ್ಟಸನು ಒಂದು ಕೈಯನ್ನು ಚಿತ್ರದಿಂದ ಹೊರಕ್ಕೆ ಚಾಚಿದ್ದಾನೆ. ಎದುರಿಗೆ ಪ್ರಾರ್ಥನೆಗೆ ನೆರೆದ ಭಕ್ತರಿದ್ದಾಗ ಆ ಕೈಗೆ ಅರ್ಥವಿತ್ತು. ಅವನು ಅವರಿಗಾಗಿ ತಾಯಿಯಲ್ಲಿ ಬಿನ್ನಹ ಮಾಡುತ್ತಿದ್ದನು. ವೆರೊನೇಸೆಯ ಮದುವೆಯೂ ವೆನಿಸ್ಸಿನ ಮಠವೊಂದರ ಭೋಜನಶಾಲೆಗಾಗಿ ಬರೆದುದು. ಊಟಕ್ಕೆ ಕುಳಿತ ಸಂನ್ಯಾಸಿಗಳ ಎದುರು ಅದೊಂದು ದಿವ್ಯವಾದ ಊಟ. ನೆಪೋಲಿಯನ್ನನ ಸೈನ್ಯ ೧೭೯೭ರಲ್ಲಿ ಅದನ್ನು ಕಿತ್ತು ಪ್ಯಾರಿಸ್ಸಿಗೆ ಸಾಗಿಸಿತು. ಈ ಸಂಗತಿಯನ್ನು ಗೋಡೆ ಹೇಳುವುದಿಲ್ಲ, ಚೌಕಟ್ಟು ಹೇಳುವುದಿಲ್ಲ. ಕಳೆದುಹೋದ ಮಣ್ಣನ್ನು ಮನಸ್ಸಿನಲ್ಲಾದರೂ ಆ ಬೇರಿಗೆ ಮತ್ತೆ ಒದಗಿಸುವುದು, ಕೊಂಡುದು ಯಾವುದು, ಕೊಳ್ಳೆ ಹೊಡೆದುದು ಯಾವುದು ಎಂದು ತಿಳಿಸುವುದು ಪ್ರಾಮಾಣಿಕವಾದ ಕೈಪಿಡಿಯ ಕರ್ತವ್ಯ.

ಆದರೆ ಕೈಪಿಡಿ ತಪ್ಪು ಹೇಳಿದರೆ? ಇಲ್ಲಿ ಪ್ರಶ್ನೆ ಕಠಿನವಾಗುತ್ತದೆ. ಡ್ರೆಸ್ಡೆನ್ನಿನಲ್ಲಿಯೇ ಹಿರಿಯ ಸಂಗ್ರಾಹಕರು ೧೭೪೩ರಲ್ಲಿ ವೆನಿಸ್ಸಿನಿಂದ ತಂದ ಇನ್ನೊಂದು ಮಾತೃಮೂರ್ತಿಯಿತ್ತು. ಅದು ಬಾಸೆಲ್ ನಗರದ ಮೇಯರನ ಕುಟುಂಬಕ್ಕಾಗಿ ಹೋಲ್ಬೈನ್ ಬರೆದ ಚಿತ್ರವೆಂದು ಎಲ್ಲರೂ ನಂಬಿದ್ದರು. ರಫೇಲನ ತಾಯಿಗೆ ಜರ್ಮನಿಯ ಉತ್ತರವೇ ಇದು ಎಂದು ನೂರು ವರ್ಷ ಜನ ಅದರ ಮುಂದೆ ಭಾವಪರವಶರಾಗಿ ನಿಂತರು. ಬಳಿಕ ಡಾರ್ಮ್‌ಸ್ಟಾಟ್ ನಗರದಲ್ಲಿ ಅದೇ ವಸ್ತುವಿನ ಇನ್ನೊಂದು ಚಿತ್ರ ಬೆಳಕಿಗೆ ಬಂದಿತು. ೧೮೭೧ರಲ್ಲಿ ಎರಡನ್ನೂ ಡ್ರೆಸ್ಡೆನ್ನಿನಲ್ಲಿ ಪಕ್ಕಪಕ್ಕದಲ್ಲಿ ಇರಿಸಿದರು. ಪಂಡಿತರು ಪರೀಕ್ಷಿಸಿ, ಡಾರ್ಮ್‌ಸ್ಟಾಟಿನದೇ ಮೂಲ, ಡ್ರೆಸ್ಡೆನ್ನಿನದು ಪ್ರತಿ ಎಂದು ತೀರ್ಪಿತ್ತರು. ಅಲ್ಲಿಯ ಚಿತ್ರಕಾರರು ಕೆಲವರು ಒಪ್ಪದೆ ಪ್ರತಿಭಟಿಸಿದರು. ಕೊನೆಗೆ ಪಂಡಿತರ ಮಾತೇ ನಿಂತಿತು: ಡ್ರೆಸ್ಡೆನ್ನಿನ ಚಿತ್ರ ಹದಿನೇಳನೆಯ ಶತಮಾನದಲ್ಲಿ ಬಾರ್ತೊಲೊಮೇಯುಸ್ ಸಾರ್ಬುರ್ಗ್ ಎಂಬವನು ತೆಗೆದ ಪ್ರತಿಯೆಂಬುದು ಈಗ ಸರ್ವಸಮ್ಮತ.

ಆ ಪ್ರದರ್ಶನದಲ್ಲಿ ಗುಸ್ಟಾವ್ ಫೆಖ್ನರ್ ಎಂಬ ವಿಜ್ಞಾನಿ ಒಂದು ಪುಸ್ತಕವನ್ನು ಇರಿಸಿ, ಎರಡು ಚಿತ್ರಗಳ ವಿಷಯದಲ್ಲಿ ತಮ್ಮ ತಮ್ಮ ಅಭಿಪ್ರಾಯವನ್ನು ಬರೆಯಬೇಕೆಂದು ಪ್ರೇಕ್ಷಕರನ್ನು ಕೇಳಿಕೊಂಡನು. ಬಂದವರು ಸಾವಿರ ಸಾವಿರ. ಬರೆದವರು ನೂರರ ಮೇಲೆ ಕೆಲವರು. ಅವರಲ್ಲಿಯೂ ಅನೇಕರು ಕೇಳಿದುದನ್ನು ಬಿಟ್ಟು ಬೇರೆಯದನ್ನೇ ಬರೆದರು. ನಕ್ಷತ್ರದ ಗುರುತು ಇನ್ನೂ ಬೀಳದ ಸ್ಥಳದಲ್ಲಿ ತನ್ನ ಮೆಚ್ಚಿಗೆಯನ್ನು ತಾನೇ ಹೇಳಿಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಆ ಬರಿಯ ಹಾಳೆಗಳೂ ಬರಿಯ ಗೋಡೆಯಷ್ಟೇ ಸಾಕ್ಷಿ.

ಹಾಗಾದರೆ ನೂರು ವರ್ಷ ಆ ಪ್ರತಿಯ ಮುಂದೆ ಸುರಿದ ಕಣ್ಣೀರು ಸುಳ್ಳಾಯಿತೆ? ಅದೇ ಚಿತ್ರಶಾಲೆ ಇದಕ್ಕೆ ವಿರುದ್ಧವಾದ ಕಥೆಯನ್ನೂ ಹೇಳುತ್ತದೆ. ಅಲ್ಲಿ ನಿದ್ರಿಸುತ್ತಿರುವ ವೀನಸ್ಸಿನ ಚಿತ್ರವೊಂದಿದೆ. ಟಿಶಿಯನ್ನನ ಚಿತ್ರದಿಂದ ಸಾಸ್ಸೊಫೆರ್ರಾಟೊ ತೆಗೆದ ಪ್ರತಿಯಿದ್ದೀತೆಂದು ಅದನ್ನು ಪಟ್ಟಿಯಲ್ಲಿ ಬರೆದಿದ್ದರು. ಜನ ಅದರ ಮುಂದೆ ನಿಲ್ಲದೆ ಹೋಗುತ್ತಿದ್ದರು. ವೈದ್ಯಶಾಸ್ತ್ರವನ್ನು ಕಲಿತಿದ್ದ ಜೊವಾನ್ನಿ ಮೊರೆಲ್ಲಿ ಎಂಬ ಇಟಲಿಯವನು, ಕಿವಿ ಉಗುರುಗಳಂಥ ಸಣ್ಣ ವಿವರಗಳನ್ನು ಪರೀಕ್ಷಿಸಿ ಕರ್ತೃವನ್ನು ಗುರುತಿಸುವ ತನ್ನ ಪದ್ಧತಿಯನ್ನನುಸರಿಸಿ, ಅದು ಜೊರ್ಜೊನೆಯ ಕೈಯ ಮೂಲಚಿತ್ರವೆಂದು ೧೮೮೦ರಲ್ಲಿ ಸಾರಿದನು. ಇಂದು ಅದು ಯೂರೋಪಿನ ಚಿತ್ರಕಲೆಯ ರತ್ನಗಳಲ್ಲೊಂದು. ಚಿತ್ರ ಬದಲಾಗಲಿಲ್ಲ, ಚೀಟಿ ಬದಲಾಯಿತು. ಒಂದೆಡೆ ಪ್ರತಿಯನ್ನು ಮೂಲವೆಂದು ಪೂಜಿಸಿದರು. ಇನ್ನೊಂದೆಡೆ ಮೂಲವನ್ನು ಪ್ರತಿಯೆಂದು ಕಡೆಗಣಿಸಿದರು. ಮೊದಲನೆಯವರಿಗಿಂತ ಎರಡನೆಯವರ ನಷ್ಟ ದೊಡ್ಡದು. ಪೂಜಿಸಿದವರು ಏನನ್ನೋ ಕಂಡರು. ಕಡೆಗಣಿಸಿದವರು ಏನನ್ನೂ ಕಾಣಲಿಲ್ಲ.

ಈ ತೊಡಕನ್ನು ಬಿಡಿಸಲು ಭಾರತೀಯ ದಾರ್ಶನಿಕರ ಒಂದು ವಿಭಾಗ ಸಹಾಯಕ್ಕೆ ಬರುತ್ತದೆ. ಅವರು ಜ್ಞಾನಸಾಧನಗಳಲ್ಲಿ ಪ್ರತ್ಯಕ್ಷವನ್ನೂ ಅನುಮಾನವನ್ನೂ ಎಣಿಸುವಂತೆ ಶಬ್ದವನ್ನೂ ಎಣಿಸಿದರು. ಆಪ್ತನ, ಎಂದರೆ ನಂಬತಕ್ಕವನ, ಮಾತು ಪ್ರಮಾಣವೆಂದರು. ಈ ಚಿತ್ರವನ್ನು ಬರೆದವನು ಯಾರು, ಯಾವ ಕಾಲದಲ್ಲಿ, ಯಾರಿಗಾಗಿ, ಇದರಲ್ಲಿರುವ ಮುದುಕನು ಯಾರು—ಇವೆಲ್ಲ ಆಪ್ತವಾಕ್ಯದಿಂದ ತಿಳಿಯತಕ್ಕ ವಿಷಯಗಳು. ಇವುಗಳಿಗೆ ಕೈಪಿಡಿಯನ್ನು ನಂಬುವುದು ದಾಸ್ಯವಲ್ಲ. ನಾಳೆ ಪಂಡಿತರು ತಿದ್ದಿದರೆ ತಿದ್ದಿಕೊಂಡರಾಯಿತು. ಆದರೆ ಈ ಚಿತ್ರ ಚೆಲುವಾಗಿದೆ, ಇದನ್ನು ಕಂಡು ಹೃದಯ ಅರಳಿತು ಎಂಬುದು ಆ ಜಾತಿಯ ವಿಷಯವಲ್ಲ. ಮಾವಿನಹಣ್ಣು ಸಿಹಿಯಾಗಿದೆಯೆಂದು ಮಾರುವವನ ಮಾತಿನಿಂದ ತಿಳಿಯಬಹುದು. ಆ ತಿಳಿವು ನಿಜವೂ ಆಗಿರಬಹುದು. ಆದರೆ ನಾಲಗೆಗೆ ಸಿಹಿಯಾಗುವುದಿಲ್ಲ. ರಸಕ್ಕೆ ಸಹೃದಯನ ಅನುಭವವೇ ಪ್ರಮಾಣವೆಂದು ಆಲಂಕಾರಿಕರು ಒತ್ತಿ ಹೇಳಿದುದರ ಮರ್ಮ ಇದು. ಕೈಪಿಡಿಯ ನಕ್ಷತ್ರವನ್ನು ಕಂಡು, ಹಣ್ಣನ್ನು ತಿನ್ನದೆಯೇ ಸಿಹಿಯಾಯಿತು ಎನ್ನುವವನು ಇತರರಿಗೆ ಸುಳ್ಳು ಹೇಳಿದುದು ಅಷ್ಟು ದೊಡ್ಡ ಅಪರಾಧವಲ್ಲ. ತನಗೆ ತಾನೇ ಹೇಳಿಕೊಂಡುದು ದೊಡ್ಡ ಅಪರಾಧ. ಚಿತ್ರದ ಮುಂದೆ ಒಮ್ಮೆ ಕಲಿತ ಈ ಅಭ್ಯಾಸ ಚಿತ್ರಶಾಲೆಯ ಹೊರಕ್ಕೂ ಬರುತ್ತದೆ. ಮೆಚ್ಚದ ಗ್ರಂಥವನ್ನು ಮೆಚ್ಚಿದಂತೆ, ಒಪ್ಪದ ಮತವನ್ನು ಒಪ್ಪಿದಂತೆ, ಹುಟ್ಟದ ದುಃಖವನ್ನು ಪಟ್ಟಂತೆ ನಟಿಸುತ್ತ ನಟಿಸುತ್ತ, ಕೊನೆಗೆ ತನಗೆ ನಿಜವಾಗಿ ಏನು ಪ್ರಿಯವೆಂಬುದನ್ನೇ ಮನುಷ್ಯನು ಮರೆಯುತ್ತಾನೆ.

ಇಷ್ಟರಿಂದ, ತನಗೆ ಕೂಡಲೆ ಹಿಡಿಸಿದುದೇ ಚೆಲುವು, ಹಿಡಿಸದುದೆಲ್ಲ ಹುಸಿಯೆಂದು ತೀರ್ಮಾನಿಸುವುದೂ ಸಲ್ಲದು. ಅದು ಪ್ರಾಮಾಣಿಕತೆಯ ವೇಷ ತೊಟ್ಟ ಅಹಂಕಾರ. ಕಾವ್ಯಾಭ್ಯಾಸದಿಂದ ಯಾರ ಮನಸ್ಸು ಕನ್ನಡಿಯಂತೆ ನಿರ್ಮಲವಾಗಿದೆಯೋ ಅವನೇ ಸಹೃದಯನೆಂಬ ಅಭಿಪ್ರಾಯ ಅಭಿನವಗುಪ್ತನದು. ಅಭ್ಯಾಸವಿಲ್ಲದೆ ಸಹೃದಯತೆಯಿಲ್ಲ; ಆಪ್ತನಲ್ಲಿ ಶ್ರದ್ಧೆಯಿಲ್ಲದೆ ಅಭ್ಯಾಸವಿಲ್ಲ. ಸಂಗೀತದ ವಿದ್ಯಾರ್ಥಿ ರಾಗದ ಸೊಗಸು ತಿಳಿಯುವುದಕ್ಕೆ ಮೊದಲೇ ಗುರುವಿನ ಮಾತನ್ನು ನಂಬಿ ಅದನ್ನು ಹಾಡುತ್ತಾನೆ. ಹಾಡುತ್ತ ಹಾಡುತ್ತ ಒಂದು ದಿನ ಸೊಗಸು ಅವನದಾಗುತ್ತದೆ. ಕೈಪಿಡಿಯ ನಕ್ಷತ್ರವನ್ನೂ ಹೀಗೆಯೇ ಅರ್ಥಮಾಡಬೇಕು. ಅದು ‘ಇದು ಚೆಲುವಾಗಿದೆ, ಒಪ್ಪಿಕೋ’ ಎಂಬ ಆಜ್ಞೆಯಲ್ಲ. ‘ಅನೇಕರು ಇಲ್ಲಿ ಏನನ್ನೋ ಕಂಡಿದ್ದಾರೆ, ನೀನೂ ಸ್ವಲ್ಪ ಹೊತ್ತು ನಿಲ್ಲು’ ಎಂಬ ಬಿನ್ನಹ. ನಿಂತೂ ಕಾಣದಿದ್ದರೆ, ಇನ್ನೂ ಕಾಣಲಿಲ್ಲವೆಂದು ಹೇಳುವ ಸ್ವಾತಂತ್ರ್ಯ ಪ್ರೇಕ್ಷಕನಿಗೆ ಉಂಟು. ಆ ‘ಇನ್ನೂ’ ಎಂಬ ಎರಡಕ್ಷರದಲ್ಲಿ ಸತ್ಯವೂ ವಿನಯವೂ ಒಟ್ಟಿಗೆ ಇವೆ.

ಉತ್ತಮರಾದ ಮಾರ್ಗದರ್ಶಕರು ಇದನ್ನು ಬಲ್ಲವರಾಗಿದ್ದರು. ಬಾಸೆಲ್ಲಿನ ಇತಿಹಾಸಕಾರ ಯಾಕೋಬ್ ಬುರ್ಕ್‌ಹಾರ್ಟ್ ೧೮೫೫ರಲ್ಲಿ ಪ್ರಕಟಿಸಿದ ‘ಚಿಚೆರೋನೆ’ ಎಂಬ ದೊಡ್ಡ ಕೈಪಿಡಿಗೆ ಇಟಲಿಯ ಕಲಾಕೃತಿಗಳ ಆಸ್ವಾದಕ್ಕೆ ಮಾರ್ಗದರ್ಶನವೆಂದು ಉಪನಾಮವನ್ನಿಟ್ಟನು. ತಿಳಿವಿಗೆ ಮಾತ್ರವಲ್ಲ, ಆಸ್ವಾದಕ್ಕೆ! ಅವನು ಹದಿನೇಳನೆಯ ಶತಮಾನದ ಬರೋಕ್ ಶಿಲ್ಪದಲ್ಲಿ ಸಾಕಷ್ಟು ಕಠೋರನಾಗಿದ್ದನು. ಅವನನ್ನು ಮಾತ್ರ ನಂಬಿ ಹೋದವರು ಬೆರ್ನಿನಿಯ ರೋಮನ್ನು ಅರ್ಧ ಕಣ್ಣಿನಿಂದ ನೋಡಿದರು. ಫ್ರಾನ್ಸಿನ ತೆಯೊಫಿಲ್ ತೋರೆ ದೇಶಭ್ರಷ್ಟನಾಗಿ ಅಲೆಯುತ್ತ ಹಾಲೆಂಡಿನ ಚಿತ್ರಶಾಲೆಗಳನ್ನು ಕುರಿತು ೧೮೫೮ರಲ್ಲಿಯೂ ೧೮೬೦ರಲ್ಲಿಯೂ ಎರಡು ಸಂಪುಟಗಳನ್ನು ಬರೆದನು. ಜಗತ್ತು ಬಹುಮಟ್ಟಿಗೆ ಮರೆತಿದ್ದ ಡೆಲ್ಫ್ಟ್ ಊರಿನ ವರ್ಮೇರ್ ಎಂಬ ಚಿತ್ರಕಾರನು ಅವನ ಕಣ್ಣಿಗೆ ಬಿದ್ದನು. ೧೮೬೬ರಲ್ಲಿ ತೋರೆ ಅವನ ಮೇಲೆ ಬರೆದ ಲೇಖನಗಳಿಂದ ಒಂದು ಮಹಾಪ್ರತಿಭೆ ವಿಸ್ಮೃತಿಯಿಂದ ಎದ್ದುಬಂದಿತು. ತೋರೆಯೂ ತಪ್ಪಿದನು, ಎಪ್ಪತ್ತರಷ್ಟು ಚಿತ್ರಗಳನ್ನು ವರ್ಮೇರನಿಗೆ ಸೇರಿಸಿದನು, ಇಂದು ಪಂಡಿತರು ಒಪ್ಪುವುದು ಅದರ ಅರ್ಧದಷ್ಟನ್ನು. ಆದರೆ ಅವನಿಗಿಂತ ಮೊದಲು ನಕ್ಷತ್ರವಿಲ್ಲದ ಎಡೆಯಲ್ಲಿ ಬೆಳಕನ್ನು ಕಂಡವರು ವಿರಳ. ಮುತ್ತಿನೋಲೆಯ ಹುಡುಗಿಯ ಚಿತ್ರ ೧೮೮೧ರಲ್ಲಿಯೂ ಹೇಗ್ ನಗರದ ಹರಾಜಿನಲ್ಲಿ ಎರಡು ಗಿಲ್ಡರಿಗೆ ಚಿಲ್ಲರೆ ಸೇರಿಸಿದ ಬೆಲೆಗೆ ಮಾರಾಟವಾಯಿತು. ಇಂದು ಮೌರಿಟ್ಸ್‌ಹೌಸ್ ಚಿತ್ರಶಾಲೆಗೆ ಜನ ಅದಕ್ಕಾಗಿಯೇ ಬರುತ್ತಾರೆ. ಇಂದಿನ ಗುಂಪಿಗೆ ದಾರಿ ತೋರಿಸುವ ಕೈಪಿಡಿ, ಒಂದಾನೊಂದು ದಿನ ಕೈಪಿಡಿಯಿಲ್ಲದೆ ನೋಡಿದ ಒಂದು ಕಣ್ಣಿನ ಋಣದಲ್ಲಿದೆ.

ಹೀಗಾದರೆ ಕೈಪಿಡಿಯನ್ನು ಬಳಸುವ ಕ್ರಮವೇನು? ಕಾಳಿದಾಸನನ್ನು ಓದುವವನು ಮಲ್ಲಿನಾಥನ ವ್ಯಾಖ್ಯಾನವನ್ನು ಬಳಸುವ ಕ್ರಮವೇ. ಮೊದಲು ಶ್ಲೋಕವನ್ನು ತಾನೇ ಓದಿ ಕಿವಿದುಂಬಿಸಿಕೊಳ್ಳುತ್ತಾನೆ. ತೊಡಕಿದ್ದೆಡೆ ವ್ಯಾಖ್ಯಾನವನ್ನು ನೋಡುತ್ತಾನೆ. ಬಳಿಕ ವ್ಯಾಖ್ಯಾನವನ್ನು ಮುಚ್ಚಿ ಶ್ಲೋಕಕ್ಕೇ ಹಿಂದಿರುಗುತ್ತಾನೆ. ಹಿಂದಿರುಗದಿದ್ದರೆ ಅವನು ಓದಿದುದು ಮಲ್ಲಿನಾಥನನ್ನೇ ಹೊರತು ಕಾಳಿದಾಸನನ್ನಲ್ಲ. ಚಿತ್ರಶಾಲೆಯಲ್ಲಿಯೂ ಹಾಗೆಯೇ. ಕಥೆ, ಕಾಲ, ಸ್ಥಳಗಳನ್ನು ಹಿಂದಿನ ರಾತ್ರಿ ಬಿಡಾರದಲ್ಲಿಯೇ ಓದಿಕೊಳ್ಳಬಹುದು. ದಿನಕ್ಕೆ ಐದಾರು ಚಿತ್ರಗಳಿಗಿಂತ ಹೆಚ್ಚಿಗೆ ಆಸೆಪಡದಿರುವುದು ಲೇಸು. ಚಿತ್ರದ ಮುಂದೆ ಪುಸ್ತಕವನ್ನು ಮುಚ್ಚಿ ನಿಂತು, ಮೊದಲು ಏನು ಕಂಡಿತೆಂಬುದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು, ಆಮೇಲೆ ಪುಸ್ತಕ, ಆಮೇಲೆ ಮತ್ತೆ ಚಿತ್ರ. ಮೂರನೆಯ ನೋಟ ಮೊದಲನೆಯದಕ್ಕಿಂತ ಶ್ರೀಮಂತವಾಗಿದ್ದರೆ ಕೈಪಿಡಿ ತನ್ನ ಕೆಲಸವನ್ನು ಮಾಡಿತು. ಆಮ್‌ಸ್ಟರ್‌ಡ್ಯಾಮಿನಲ್ಲಿರುವ ರೆಂಬ್ರಾಂಟನ ‘ರಾತ್ರಿಯ ಪಹರೆ’ ಈ ಕ್ರಮದ ಬೆಲೆಯನ್ನು ತೋರಿಸುತ್ತದೆ. ೧೬೪೨ರ ಆ ಚಿತ್ರಕ್ಕೆ ಆ ಹೆಸರನ್ನು ಕೊಟ್ಟವನು ರೆಂಬ್ರಾಂಟನಲ್ಲ. ಮೇಲೆ ಬಳಿದ ವಾರ್ನಿಷು ಕಪ್ಪಾದುದನ್ನು ಕಂಡು ಮುಂದಿನವರು ಕೊಟ್ಟುದು. ಎರಡನೆಯ ಮಹಾಯುದ್ಧದ ತರುವಾಯ ಆ ವಾರ್ನಿಷನ್ನು ತೆಗೆದಾಗ ಅಲ್ಲಿ ಹಗಲಿನ ಬೆಳಕೇ ಇತ್ತು. ಹೆಸರನ್ನು ಓದಿ ನೋಡಿದವರಿಗೆ ರಾತ್ರಿ ಕಂಡಿತು. ಕೊನೆಯದಾಗಿ, ಯಾವ ಗುರುತೂ ಇಲ್ಲದ ಒಂದು ಚಿತ್ರವನ್ನು ಪ್ರತಿದಿನವೂ ತಾನೇ ಆರಿಸಿ ಅದರ ಮುಂದೆ ನಿಲ್ಲಬೇಕು. ಅದು ಸಾಧಾರಣವಾದುದೇ ಇರಬಹುದು. ಆದರೆ ಅದರ ಮುಂದೆ ಹುಟ್ಟಿದ ಮೆಚ್ಚಿಗೆ, ಎಷ್ಟೇ ಸಣ್ಣದಾಗಲಿ, ಸ್ವಯಾರ್ಜಿತ.

ಕಾಲಕ್ಕೆ ತಕ್ಕಂತೆ ಕೈಪಿಡಿಯ ರೂಪವೂ ಬದಲಾಗಿದೆ. ೧೯೫೨ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಚಿತ್ರಶಾಲೆ ವಿವರಣೆಯನ್ನು ಪ್ರೇಕ್ಷಕನ ಕಿವಿಗೇ ಮುಟ್ಟಿಸುವ ಯಂತ್ರವನ್ನು ತಂದಿತು. ಇಂದು ಅಂಗೈಯ ಮೊಬೈಲು ಫೋನೇ ಗುರು, ಪಟ್ಟಿ, ನಕ್ಷತ್ರ ಎಲ್ಲವೂ ಆಗಿದೆ; ಅದರ ಮೂಲಕ ಚಿತ್ರದ ಚಿತ್ರವನ್ನು ತೆಗೆದುಕೊಂಡು, ನೋಡುವ ಕೆಲಸವನ್ನೇ ಮುಂದಕ್ಕೆ ಹಾಕುವ ಸೌಕರ್ಯವೂ ಒದಗಿದೆ. ಕಿವಿಯಲ್ಲಿ ಹೇಳುವ ದನಿಗೆ ಒಂದು ಗುಣವುಂಟು: ತಲೆ ಬಗ್ಗಿಸಬೇಕಾಗಿಲ್ಲ. ಒಂದು ದೋಷವೂ ಉಂಟು: ಅದು ಮೌನವನ್ನು ಕೊಡುವುದಿಲ್ಲ. ಪ್ರಶ್ನೆ ಮಾತ್ರ ಕೆಂಪು ರಟ್ಟಿನ ಕಾಲದಲ್ಲಿ ಇದ್ದುದೇ.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ವೇಲ್ಸಿನ ಕಲ್ಲುಗಣಿಯೊಂದಕ್ಕೆ ಸಾಗಿಸಿ ಬಚ್ಚಿಟ್ಟಿದ್ದರು. ಕೊಠಡಿಗಳು ಬರಿದಾಗಿದ್ದುವು. ೧೯೪೨ರಲ್ಲಿ ಜನರ ಬೇಡಿಕೆಯ ಮೇಲೆ, ತಿಂಗಳಿಗೆ ಒಂದೇ ಒಂದು ಚಿತ್ರವನ್ನು ಗಣಿಯಿಂದ ತಂದು ತೂಗುಹಾಕುವ ಏರ್ಪಾಡಾಯಿತು. ಟಿಶಿಯನ್ನನ ಒಂದು ಚಿತ್ರ ಮೊದಲು ಬಂದಿತು. ಕಚೇರಿಯ ಬಿಡುವಿನಲ್ಲಿ, ಕಾರ್ಖಾನೆಯ ಪಾಳಿ ಮುಗಿಸಿ, ಸೈನ್ಯದ ರಜೆಯಲ್ಲಿ ಜನ ಬಂದು ಆ ಒಂದರ ಮುಂದೆ ನಿಂತರು. ಆರಿಸಿಕೊಡಲು ಅಲ್ಲಿ ನಕ್ಷತ್ರ ಬೇಕಾಗಿರಲಿಲ್ಲ. ಮುಂದಿನ ಕೊಠಡಿಗೆ ಓಡುವ ಅವಸರವೂ ಇರಲಿಲ್ಲ, ಉಳಿದ ಚಿತ್ರಗಳೆಲ್ಲ ಗಣಿಯಲ್ಲಿದ್ದುವು. ನಾಳೆ ತಾವೇ ಇರುವೆವೋ ಇಲ್ಲವೋ ಎಂದರಿಯದ ಜನ ಒಂದು ಚಿತ್ರವನ್ನು ಹೇಗೆ ನೋಡಬೇಕೋ ಹಾಗೆ ನೋಡಿದರು.

ಅಂಥ ಕಾಲ ಯಾರಿಗೂ ಬಾರದಿರಲಿ. ಆದರೆ ಮೂವತ್ತೈದು ಸಾವಿರ ವಸ್ತುಗಳ ನಡುವೆ ನಿಂತಾಗಲೂ, ಎದುರಿಗಿರುವುದೊಂದೇ ಚಿತ್ರವೆಂದು ಅರೆಗಳಿಗೆ ಭಾವಿಸುವುದು ಶಾಂತಿಕಾಲದಲ್ಲಿಯೂ ಸಾಧ್ಯ. ಕೋಶ ಆ ಚಿತ್ರದವರೆಗೆ ಕೈಹಿಡಿದು ಕರೆತರುತ್ತದೆ. ಅಲ್ಲಿಂದ ಮುಂದಕ್ಕೆ ಕಣ್ಣೇ ನಡೆಯಬೇಕು.